ಕಂಪನಿ ಊಟಕ್ಕೆ ಬರುತ್ತಿತ್ತು

ಪ್ರೀತಿಯ ಅಕ್ಕೋರೇ,

"ಸುಲೂ, ನಾಳೆ ಕಂಪನಿ ಬತ್ತದೆ. ಬರೂವಾಗ ಪೇಟೆಯಿಂದ ನಾಕು ಬಂಗಡೆ ತಕಂಡು ಬಾ" ಎಂದು ನೀವು ಮೊದಲ ಸಲ ಹೇಳಿದಾಗ ನನಗೆ ಇಪ್ಪತ್ತು ವರ್ಷ. ಭಾವಿಕೇರಿಯಿಂದ ಅಂಕೋಲೆಗೆ ಬಂದು ನಿಮ್ಮ ಟೈಪಿಂಗ್ ಕ್ಲಾಸಿನ ಬೆಳಗಿನ ಬ್ಯಾಚಿನಲ್ಲಿ ಕೂರುತ್ತಿದ್ದೆ. ಕಂಪನಿ ಎಂದರೆ ನನ್ನ ಕಣ್ಣ ಮುಂದೆ ಬರುತ್ತಿದ್ದದ್ದು ಹೊಗೆಕೊಳವೆ, ದೊಡ್ಡ ಗೇಟು, ಗೇಟಿನಲ್ಲಿ ಕಾವಲುಗಾರ. ಅದು ಅಂಕೋಲೆಗೆ ಬಂದು ಬಂಗಡೆ ಮೀನು ತಿನ್ನುವುದು ಹೇಗೆ? ಮರುದಿನ ಹುಬ್ಬಳ್ಳಿ ಬಸ್ಸಿನಿಂದಿಳಿದು ನಿಮ್ಮ ಮೆಟ್ಟಿಲು ಹತ್ತಿ ಬಂದದ್ದು ತೆಳ್ಳನೆಯ ಒಬ್ಬ ಮನುಷ್ಯ, ಕೈಯಲ್ಲಿ ತಗಡಿನ ಪೆಟ್ಟಿಗೆ. ಟೈಪ್‌ರೈಟರ್ ಕಂಪನಿಯ ಮೆಕ್ಯಾನಿಕ್. ಎಂಟೂ ಮಶಿನ್‌ಗಳನ್ನು ಒಂದೊಂದಾಗಿ ಬಿಚ್ಚಿ, ಎಣ್ಣೆ ಬಿಟ್ಟು, ಸಡಿಲವಾದದ್ದನ್ನು ಬಿಗಿದು, ಪಕ್ಕದ ನಿಮ್ಮ ಮನೆಯಲ್ಲಿ ಉಂಡು, ಮೂರು ಗಂಟೆಯ ಬಸ್ಸಿಗೆ ಹೋದರು. ಆರು ತಿಂಗಳಿಗೊಮ್ಮೆ ಹೀಗೆ. ಇಷ್ಟು ವರ್ಷದಲ್ಲಿ ನೀವು ಅವರ ಹೆಸರು ಹೇಳಿದ್ದು ನನಗೆ ನೆನಪಿಲ್ಲ. "ಕಂಪನಿಗೆ ಖಾರ ಆಗೂದಿಲ್ಲ, ಬೇರೆ ಸಾರು ಮಾಡ್ಬೇಕು." "ಕಂಪನಿಯ ಮಗಳಿಗೆ ಲಗ್ನ ಗೊತ್ತಾತಂತೆ." ನಾವು ಹುಡುಗಿಯರು ಮುಸಿಮುಸಿ ನಗುತ್ತಿದ್ದೆವು.

ಒಮ್ಮೆ ಒಬ್ಬ ವ್ಯಾಪಾರಿ ಬಂದು ಬೇರೆ ಕಂಪನಿಯ ಟೈಪ್‌ರೈಟರನ್ನು ಅರ್ಧ ಬೆಲೆಗೆ ಕೊಡುತ್ತೇನೆ ಎಂದದ್ದು ನೆನಪಿದೆಯೇ? ನೀವು ಬೆಲೆ ಎಷ್ಟೆಂದು ಕೂಡ ಕೇಳಲಿಲ್ಲ. "ಅದ್ರ ಕಂಪನಿ ಎಲ್ಲಿಂದ ಬತ್ತದೆ?" ಎಂದಿರಿ. "ಬರೂದೇ ಬೇಡ ಅಕ್ಕೋರೇ, ಇದು ಕೆಡೂದೇ ಇಲ್ಲ" ಎಂದ ಅವನು. "ಕೆಡದೇ ಇದ್ದದ್ದು ಈ ಲೋಕದಲ್ಲಿ ಎಂತ ಅದೆ ಮಾರಾಯಾ? ನೀನೇ ಹಲ್ಲು ಕಟ್ಟಿಸ್ಕಂಡಿದ್ದಿ." ಅವನು ಕೈಯಿಂದ ಬಾಯಿ ಮುಚ್ಚಿಕೊಂಡೇ ಮೆಟ್ಟಿಲಿಳಿದ.

ಇದೆಲ್ಲ ಈಗ ನೆನಪಾಗುವುದಕ್ಕೆ ಕಾರಣ ಇದೆ. ಕಾರವಾರದ ನಮ್ಮ ಕಾಲೇಜಿಗೆ ಹತ್ತು ಕಂಪ್ಯೂಟರ್ ತರಿಸಬೇಕು. ಕೊಳ್ಳುವ ಸಮಿತಿಯಲ್ಲಿ, ಕನ್ನಡ ಪಾಠ ಹೇಳುವ ನನ್ನನ್ನೂ ಹಾಕಿದ್ದಾರೆ. ಲಕೋಟೆಗಳನ್ನು ಒಡೆದಾಯಿತು. ನನ್ನ ಮೇಜಿನ ಮೇಲೆ ಎರಡು ಕೊಟೇಶನ್‌ಗಳಿವೆ. ಒಂದು ದೊಡ್ಡ ಹೆಸರಿನ ಕಂಪನಿಯದು, ಇನ್ನೊಂದು ಕಂಪ್ಯೂಟರ್ ಜೋಡಿಸಿ ಮಾರುವ ನಮ್ಮ ದಾಮುವಿನದು. ಸೋಮವಾರ ಒಂದಕ್ಕೆ ಸಹಿ ಬೀಳಬೇಕು. ಈ ಆರ್ಡರು ಬಾರದಿದ್ದರೆ ಅಂಗಡಿಯ ಕೋಣೆಯನ್ನು ಈ ತಿಂಗಳ ಕೊನೆಗೆ ಬಿಟ್ಟುಕೊಡುತ್ತೇನೆ ಎಂದು ದಾಮು ಹೋದ ತಿಂಗಳೇ ಹೇಳಿದ್ದಾನೆ. ಇವತ್ತು ಶನಿವಾರ. ನೀವಿದ್ದರೆ ಅಂಕೋಲೆಯ ಬಸ್ಸು ಹತ್ತುತ್ತಿದ್ದೆ. ನೀವು ಹೋಗಿ ಮೂರು ವರ್ಷವಾಯಿತು, ಆದ್ದರಿಂದ ಕಾಗದ ಬರೆಯುತ್ತಿದ್ದೇನೆ.

ನೀವು ಕಂಪ್ಯೂಟರ್ ಕೊಳ್ಳಬೇಕೆಂದು ಹೊರಟ ವರ್ಷವನ್ನು ನೆನೆಸಿಕೊಳ್ಳಿ. ಹೊಸ ಶತಮಾನ ಶುರುವಾಗಿ ಎರಡು ಮೂರು ವರ್ಷ ಆಗಿತ್ತು. ಹುಡುಗಿಯರು ಮೆಟ್ಟಿಲ ಬುಡದಲ್ಲೇ ನಿಂತು "ಅಕ್ಕೋರೇ, ಕಂಪ್ಯೂಟರ್ ಕಲಿಸ್ತ್ರಾ?" ಎಂದು ಕೂಗಿ ಕೇಳಿ, ಇಲ್ಲ ಎಂದರೆ ಮೇಲೆ ಹತ್ತದೆ ಹೋಗುತ್ತಿದ್ದರು. ಎಂಟು ಮಶಿನ್‌ಗಳಲ್ಲಿ ಐದಕ್ಕೆ ದಿನವಿಡೀ ಬಟ್ಟೆ ಹೊದಿಸಿಯೇ ಇರುತ್ತಿತ್ತು. ಒಂದು ಶನಿವಾರ ನೀವು ಇಸ್ತ್ರಿ ಮಾಡಿದ ಸೀರೆ ಉಟ್ಟು ಕಾರವಾರಕ್ಕೆ ಬಂದಿರಿ, ನಾವಿಬ್ಬರೂ ಆ ದೊಡ್ಡ ಹೆಸರಿನ ಕಂಪನಿಯ ಶೋರೂಮಿಗೆ ಹೋದೆವು. ಒಳಗೆ ತಣ್ಣಗಿತ್ತು. ಚಪ್ಪಲಿ ಹೊರಗೆ ಬಿಡಬೇಕಿತ್ತು. ಟೈ ಕಟ್ಟಿದ ಹುಡುಗ ಏನೇನೋ ಅಂಕಿಗಳನ್ನು ಹೇಳುತ್ತ ಹೋದ. ಎಲ್ಲ ಕೇಳಿಸಿಕೊಂಡು ನೀವು ಒಂದೇ ಪ್ರಶ್ನೆ ಹಾಕಿದಿರಿ.

"ಇದ್ರ ಕಂಪನಿ ಆರು ತಿಂಗಳಿಗೆ ಬತ್ತದಾ, ವರ್ಷಕ್ಕಾ?"

"ಕಂಪನಿ ಬರೂದಿಲ್ಲ ಮೇಡಂ. ನಂಬರ್ ಅದೆ, ಫೋನ್ ಮಾಡೂದು."

"ಫೋನಿಗೆ ಯಾರು ಸಿಗ್ತಾರೆ?"

"ಯಾರಾದ್ರೂ ಸಿಗ್ತಾರೆ."

"ಯಾರಾದ್ರೂ ಅಂದ್ರೆ ಯಾರು?"

ಅವನು ನನ್ನ ಮುಖ ನೋಡಿದ. ನಾನು ಗೋಡೆಯ ಮೇಲಿನ ಚಿತ್ರ ನೋಡಿದೆ. ಬೆಲೆಯೋ, ನಿಮ್ಮ ಕೈಗೆ ಎಟುಕುವಂಥದ್ದಾಗಿರಲಿಲ್ಲ. ಅಲ್ಲಿ ಮೂರು ಕೊಳ್ಳುವ ದುಡ್ಡಿಗೆ ದಾಮುವಿನ ಅಂಗಡಿಯಲ್ಲಿ ಐದು ಬರುತ್ತಿದ್ದವು. ಹಾಗಿದ್ದೂ ನೀವು ಹೊರಗೆ ಬಂದು ಚಪ್ಪಲಿ ಮೆಟ್ಟುತ್ತ, "ಆದ್ರೂ ಹೆಸರಿದ್ದದ್ದು ಹೆಸರಿದ್ದದ್ದೇ ಸುಲೂ. ಅಗ್ಗದ್ದು ಪರೀಕ್ಷೆ ದಿನ ಕೈ ಕೊಡ್ತದೆ" ಎಂದಿರಿ. ಬರುವುದಿಲ್ಲ ಎಂದು ತಿಳಿದ ಮೇಲೂ ಕಂಪನಿಯೇ ಬೇಕೆನಿಸಿದ್ದು ಯಾಕೆ ಅಂತ ಆಗ ಕೇಳಬೇಕಿತ್ತು ನಾನು. ಕೇಳಲಿಲ್ಲ. ನಿಮ್ಮನ್ನು ಆಟೋ ಹತ್ತಿಸಿ ದಾಮುವಿನ ಅಂಗಡಿಗೆ ಕರೆದುಕೊಂಡು ಹೋದೆ.

ದಾಮು ನಿಮ್ಮ ಕ್ಲಾಸಿನಲ್ಲಿ, ನನಗಿಂತ ಹತ್ತು ಹನ್ನೆರಡು ವರ್ಷ ಈಚೆಗೆ, ಟೈಪಿಂಗ್ ಕಲಿತವನು. ಮೀನು ಹಿಡಿಯುವ ಮನೆಯವನು. ಅವರ ಮನೆ, ತೆಂಗಿನ ಮರ, ದೋಣಿ ಎಳೆದಿಡುವ ಜಾಗ ಎಲ್ಲ ನೌಕಾನೆಲೆಗೆ ಹೋಗಿ, ಕುಟುಂಬ ತೋಡೂರಿನ ಕಾಲೊನಿಗೆ ಬಂದಿತ್ತು. ಅವನು ಮಾತ್ರ ಸಮುದ್ರ ಬಿಟ್ಟು ಕಂಪ್ಯೂಟರ್ ರಿಪೇರಿ ಕಲಿತು ಕಾರವಾರದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಸಣ್ಣ ಕೋಣೆ ಹಿಡಿದಿದ್ದ. ಒಂದೊಂದು ಭಾಗವನ್ನು ಒಂದೊಂದು ಊರಿನಿಂದ ತರಿಸಿ ಜೋಡಿಸಿ ಕೊಡುತ್ತಿದ್ದ. ಪೇಟೆಯ ಮಂದಿ ಅಂಥದ್ದಕ್ಕೆ 'ಅಸೆಂಬಲ್' ಎನ್ನುತ್ತಿದ್ದರು, ಸಿಟ್ಟು ಬಂದರೆ 'ಡುಪ್ಲಿಕೇಟ್' ಎನ್ನುತ್ತಿದ್ದರು.

"ಅಕ್ಕೋರೇ, ನೀವು ಬಂಗಡೆ ತಕಣೂವಾಗ ಯಾವ ಕಂಪನಿದು ಅಂತ ಕೇಳ್ತ್ರಾ? ಕಿವಿರು ಎತ್ತಿ ನೋಡೂದಲ್ದಾ? ಇದೂ ಹಂಗೇ. ಪೆಟ್ಟಿಗೆ ತೆಗೆದು ತೋರಿಸ್ತೆ, ನೋಡಿ" ಎಂದು ಅವನು ಪಕ್ಕದ ತಗಡು ಎಳೆದ.

"ಮುಚ್ಚೋ. ಬಂಗಡೆಯ ಕಿವಿರು ನಂಗೆ ತಿಳೀತದೆ. ಇದ್ರ ಕಿವಿರು ತಿಳೀತದಾ?" ಎಂದು ನೀವು ಕುರ್ಚಿ ಎಳೆದು ಕೂತಿರಿ. "ನಂಗೆ ತಿಳಿಯೂ ಹಂಗೆ ನೋಡ್ತೆ ನಾನು."

ಆಮೇಲೆ ನೀವು ಮಾಡಿದ್ದನ್ನು ನಿಮ್ಮ ಹೊರತು ಬೇರೆ ಯಾರೂ ಮಾಡಲಾರರು. ಕ್ಲಾಸಿನಲ್ಲಿ ನಮ್ಮ ಕೈಗಳ ಮೇಲೆ ಕಪ್ಪು ಬಟ್ಟೆ ಹೊದಿಸಿ, "ಅಕ್ಷರ ಕಣ್ಣಲ್ಲಿಲ್ಲ, ಬೆರಳಲ್ಲಿ ಅದೆ" ಎನ್ನುತ್ತಿದ್ದವರು ನೀವು. ಕಣ್ಣು ಮುಚ್ಚಿ ಕೂತು, ಆ ಅಂಗಡಿಯಲ್ಲಿದ್ದ ನಾಲ್ಕು ಕಂಪ್ಯೂಟರುಗಳ ಕೀಬೋರ್ಡುಗಳನ್ನು ಒಂದಾದ ಮೇಲೊಂದು ತರಿಸಿಕೊಂಡು, ಮೊದಲ ಪಾಠದ ಎ ಎಸ್ ಡಿ ಎಫ್ ಜಿ ಎಫ್ ಸಾಲನ್ನು ಹೊಡೆದಿರಿ. ಮೊದಲನೆಯದಕ್ಕೆ "ಥೂ, ಹಿಟ್ಟು ಕಲಸಿದ ಹಂಗೆ" ಎಂದಿರಿ. ಎರಡನೆಯದಕ್ಕೂ ಮೂರನೆಯದಕ್ಕೂ ಬರೀ ತಲೆ ಅಲ್ಲಾಡಿಸಿದಿರಿ. ನಾಲ್ಕನೆಯದಕ್ಕೆ ಬೆರಳು ನಿಂತವು, ಮತ್ತೆ ಹೊರಟವು, ಇಡೀ ಒಂದು ಪ್ಯಾರಾ ಓಡಿದವು. ಕಣ್ಣು ತೆರೆಯದೆಯೇ ಹೇಳಿದಿರಿ: "ಇದು. ಇದು ಕಂಪನಿದು."

ನೀವು ಹೇಳಿದ್ದು ನಿಜವಾಗಿತ್ತು, ಆ ಕೀಬೋರ್ಡಿನ ಮಟ್ಟಿಗೆ ಮಾತ್ರ. ಯಾವುದೋ ಆಫೀಸಿನಿಂದ ರಿಪೇರಿಗೆ ಬಂದ ಕಂಪನಿಯ ಕಂಪ್ಯೂಟರಿನ ಕೀಬೋರ್ಡನ್ನು ದಾಮು ತನ್ನ ಅಸೆಂಬಲ್ ಪೆಟ್ಟಿಗೆಗೆ ಸಿಕ್ಕಿಸಿಟ್ಟಿದ್ದ. ಅದರ ಮೂಲೆಯಲ್ಲಿ ಕಂಪನಿಯ ಹೆಸರು ಸಣ್ಣದಾಗಿ ಇತ್ತು. "ಅಕ್ಕೋರೇ, ಅದು..." ಎಂದು ದಾಮು ಬಾಯಿ ತೆರೆದ. ನಾನು ಅವನ ಕಾಲು ತುಳಿದೆ.

ಹೌದು, ನಾನೇ ತುಳಿದೆ. ಕಂಪನಿಯ ಆರು ಮಶಿನ್ ಕೊಳ್ಳುವುದು ನಿಮ್ಮಿಂದ ಆಗುತ್ತಿರಲಿಲ್ಲ. ಮೂರೇ ತಂದರೆ ಕ್ಲಾಸು ನಡೆಯುತ್ತಿರಲಿಲ್ಲ. ಏನೂ ತರದಿದ್ದರೆ ಆ ವರ್ಷವೇ ಬಾಗಿಲು ಹಾಕಬೇಕಿತ್ತು. ದಾಮುವಿನದು ಚೆನ್ನಾಗಿದೆ ಎಂದು ನನಗೆ ನಂಬಿಕೆ ಇತ್ತು. ಹಾಗಾದರೆ ಬಾಯಿ ಬಿಟ್ಟು ಹೇಳಬಹುದಿತ್ತಲ್ಲ? ಸುಳ್ಳಿಗೆ 'ಜಾಣತನ' ಎಂದೋ 'ಕಾಳಜಿ' ಎಂದೋ ಹೆಸರಿಡುವುದು, ಸದಾ ಕವಿತೆ ಓದುವವಳಿಗೆ ಏನು ಕಷ್ಟ... "ಇದನ್ನೇ ಆರು ಕೊಡು" ಎಂದಿರಿ ನೀವು. ದಾಮು ನನ್ನನ್ನೊಮ್ಮೆ ನೋಡಿ, ಆ ಕಂಪನಿಯ ಕೀಬೋರ್ಡುಗಳನ್ನಷ್ಟೇ ಬೇರೆಯಾಗಿ ತರಿಸಿ, ತನ್ನ ಆರು ಪೆಟ್ಟಿಗೆಗಳಿಗೆ ಜೋಡಿಸಿ, ಅಂಕೋಲೆಗೆ ತಂದು ಕೂರಿಸಿದ. ಮೆಟ್ಟಿಲ ಬುಡದಲ್ಲಿ ನಿಂತು ಕೇಳುವವರಿಗೆಲ್ಲ ನೀವು ಮೇಲಿನಿಂದ "ಕಂಪ್ಯೂಟರ್ ಅದೆ, ಕಂಪನಿದೇ ಅದೆ, ಬನ್ನಿ" ಎಂದು ಹೇಳತೊಡಗಿದಿರಿ. ಕೇಳಿದಾಗಲೆಲ್ಲ ನಾನು ಹೋಗಿ ಟೈಪ್‌ರೈಟರುಗಳ ಬಟ್ಟೆ ಸರಿಮಾಡುತ್ತಿದ್ದೆ.

ಮುಂದಿನ ಮಳೆಗಾಲದಲ್ಲಿ ಒಂದು ಪರದೆ ಕಪ್ಪಾಯಿತು. ಆ ದಿನದ ಫೋನಿನ ಕತೆಯನ್ನು ಎಷ್ಟೋ ದಿನಗಳ ಮೇಲೆ ನೀವೇ ನನಗೆ ನಗುತ್ತ ಹೇಳಿದ್ದು, ಆದರೆ ಅವತ್ತು ನೀವು ನಕ್ಕಿರಲಿಕ್ಕಿಲ್ಲ. ಕೀಬೋರ್ಡನ್ನು ಮಗುಚಿ ಅಡಿಯಲ್ಲಿದ್ದ ಫೋನ್ ನಂಬರು ನೋಡಿ, ಕಂಪನಿಗೆ ಫೋನ್ ಹಚ್ಚಿದಿರಿ. ಯಾವುದೋ ಊರಿನ ಹುಡುಗಿ ಮಶಿನ್ನಿನ ನಂಬರ್ ಹೇಳಿ ಎಂದಳು. ಅದರ ಪಕ್ಕದಲ್ಲಿದ್ದದ್ದನ್ನೇ ಓದಿದಿರಿ.

"ಮೇಡಂ, ಅದು ಕೀಬೋರ್ಡ್ ನಂಬರ್. ಮಶಿನ್‌ದು ಹೇಳಿ."

"ಮಶಿನ್ ಅಂದ್ರೆ ಇದೇ ಅಲ್ದಾ ತಂಗಿ? ಮತ್ತೆ ಅಕ್ಷರ ಎಲ್ಲಿಂದ ಬತ್ತದೆ?"

ಪಕ್ಕದ ಪೆಟ್ಟಿಗೆಯ ಹಿಂದೆ ನೋಡಿ ಎಂದಳಂತೆ. ನೀವು ನೋಡಿದಿರಿ. ಪೆಟ್ಟಿಗೆಯ ಹಿಂದೆ ಯಾವ ಹೆಸರೂ ಇರಲಿಲ್ಲ. ಮೂವತ್ತು ವರ್ಷ ಬೆರಳು ಊರಿದ ಜಾಗವೇ ಮಶಿನ್ ಎಂದು ತಿಳಿದವರಿಗೆ, ಮಶಿನ್ ಬೇರೆಲ್ಲೋ ಒಂದು ಡಬ್ಬದೊಳಗಿದೆ, ಆ ಡಬ್ಬ ಯಾರದ್ದೂ ಅಲ್ಲ ಎಂದು ತಿಳಿಯುವುದು ಎಂಥ ಅನುಭವ? ನನಗೆ ಇವತ್ತಿಗೂ ಊಹಿಸಲಾಗುವುದಿಲ್ಲ.

ಆ ಶನಿವಾರ ನಮ್ಮಿಬ್ಬರನ್ನೂ ಕರೆಸಿ ಕಿಟಕಿಯ ಹತ್ತಿರ ನಿಲ್ಲಿಸಿದಿರಿ. ತಪ್ಪು ಹೊಡೆದ ಹುಡುಗಿಯರನ್ನು ನಿಲ್ಲಿಸುತ್ತಿದ್ದ ಜಾಗ. ದಾಮು ಎಲ್ಲ ತನ್ನ ಮೇಲೆ ಹಾಕಿಕೊಳ್ಳಲು ಹೊರಟ. "ಅವ ಸುಳ್ಳು ಹೇಳ್ತ ಅಕ್ಕೋರೇ, ಕಾಲು ತುಳಿದದ್ದು ನಾನು" ಎಂದೆ.

"ಎಂ.ಎ. ಮಾಡಿದ್ದು ಕಾಲು ತುಳಿಯೂಕಾ ನೀನು?" ಎಂದಿರಿ. "ಅಗ್ಗದ್ದು, ಒಳ್ಳೇದದೆ ಅಂತ ಹೇಳಿದ್ರೆ ನಾ ಬೇಡ ಅಂತಿದ್ನಾ? ಅಂದ್ರೂ ಅಂತಿದ್ದೆ. ಅದು ನನ್ನ ದುಡ್ಡು, ನನ್ನ ಬೇಡ. ನೀ ಯಾಕೆ ಮಧ್ಯ ಬಂದೆ?"

ಆ ಮೇಲೆ ದಾಮುವಿನ ಕಡೆ ತಿರುಗಿದಿರಿ.

"ಹಂಗಾದ್ರೆ ಇದು ಯಾರದ್ದು?"

"ಯಾರದ್ದೂ ಅಲ್ಲ ಅಕ್ಕೋರೇ. ಬಿಡಿ ಬಿಡಿ ತಂದು ಜೋಡ್ಸಿದ್ದು."

"ಜೋಡ್ಸಿದ್ದು ಯಾರು?"

"ನಾನು."

"ಮತ್ತೆ ಯಾರದ್ದೂ ಅಲ್ಲ ಅಂತಿ? ಎಂಥ ಗಂಡಸೋ ನೀನು!"

ಹಳೆಯ ಕನ್ನಡ ಟೈಪ್‌ರೈಟರಿನ ಬಟ್ಟೆ ಸರಿಸಿ, ಕಾಗದ ಸುತ್ತಿ, ಅವನ ಹೆಸರನ್ನು ಹೊಡೆದಿರಿ. "ಊರು ಎಂತ ಹಾಕ್ಲಿ?" ಎಂದಾಗ ಅವನು ಕಿಟಕಿಯ ಆಚೆ ನೋಡಿದ. ಹುಟ್ಟಿದ ಮನೆಯ ಜಾಗ ಈಗ ನೌಕಾನೆಲೆಯ ಬೇಲಿಯ ಒಳಗೆ. "ತೋಡೂರು ಅಂತ್ಲೇ ಹಾಕಿ" ಎಂದ ಕೊನೆಗೆ. ಆರು ಸಲ ಹೊಡೆದು, ಕತ್ತರಿಸಿ, ಗೋಂದು ಹಚ್ಚಿ, ಆರೂ ಪೆಟ್ಟಿಗೆಗಳ ಮೇಲೆ ನೀವೇ ಅಂಟಿಸಿದಿರಿ. "ಕಂಪನಿ ಅಂದ್ರೆ ಮತ್ತೆಂತ ಸುಲೂ? ಬೈಯೂಕೆ ಒಂದು ಹೆಸರು ಬೇಕು, ಅಷ್ಟೇ."

ಈ ಮಾತನ್ನು ನಾನು ಎಷ್ಟು ಸಲ ತಿರುಗಿಸಿ ಮುರುಗಿಸಿ ನೋಡಿದ್ದೇನೆ ಗೊತ್ತೇ? ಜಾಹೀರಾತುಗಳು ಹೆಸರೆಂದರೆ ನಂಬಿಕೆ ಎನ್ನುತ್ತವೆ. ಜನ ಹೆಸರೆಂದರೆ ಗಟ್ಟಿ ಎನ್ನುತ್ತಾರೆ. ನೆರೆಮನೆಯವರು ಹೆಸರೆಂದರೆ ಮಾನ ಎಂದುಕೊಂಡು, ಕಂಪನಿಯ ಕಂಪ್ಯೂಟರಿನ ಖಾಲಿ ರಟ್ಟಿನ ಡಬ್ಬವನ್ನು ವರ್ಷಗಟ್ಟಲೆ ಜಗಲಿಯಲ್ಲಿ ಇಟ್ಟಿರುತ್ತಾರೆ. ಬೈಯಲು ಸಿಗುವುದೇ ಹೆಸರಿನ ಬೆಲೆ ಎಂದದ್ದು ನೀವೊಬ್ಬರೇ. ಹಾಗಾದರೆ ನಾವು ಹೆಚ್ಚು ದುಡ್ಡು ಕೊಡುವುದು ವಸ್ತುವಿಗೋ, ಕೆಟ್ಟ ದಿನ ಬಾಗಿಲಿಗೆ ಬರುವ ಮುಖಕ್ಕೋ? ಮುಖವೇ ಇಲ್ಲದ ಹೆಸರಿಗೆ ಕೊಟ್ಟ ದುಡ್ಡು ಎಲ್ಲಿಗೆ ಹೋಗುತ್ತದೆ?

ದಾಮು ಅಂದಿನಿಂದ ತಿಂಗಳಿಗೊಮ್ಮೆ ಬರತೊಡಗಿದ. ಮಳೆಗಾಲದ ಮೊದಲು ಆರೂ ಪೆಟ್ಟಿಗೆ ತೆರೆದು, ಉಪ್ಪು ಗಾಳಿಗೆ ಹಿಡಿದ ತುಕ್ಕನ್ನು ಬ್ರಶ್ಶಿನಿಂದ ತೆಗೆದು, ತೇವ ಹಿಡಿಯದಂತೆ ಮೇಜಿನ ಕಪಾಟಿನೊಳಗೆ ಸಣ್ಣ ಬಲ್ಬು ಉರಿಸಿಡಲು ಹೇಳಿದ. ಒಂದು ಸಂಜೆ ನಿಮ್ಮ ಫೋನು ಬಂತು: "ಸುಲೂ, ನಾಳೆ ಕಂಪನಿ ಬತ್ತದೆ. ಕಾರವಾರದಲ್ಲಿ ಇಸವಾಣ ಸಿಕ್ಕರೆ ತಕಂಡು ಬಾ." ಹುಬ್ಬಳ್ಳಿಯ ಆ ಮನುಷ್ಯ ನಿವೃತ್ತರಾಗಿ ಎಷ್ಟು ಕಾಲವಾಯಿತು, ಅಕ್ಕೋರಿಗೆ ಮರೆವು ಶುರುವಾಯಿತೇ? ಮೀನು ಹಿಡಿದುಕೊಂಡು ಬಂದರೆ ಅಡುಗೆಮನೆಯ ಮಣೆಯ ಮೇಲೆ ಕೈಯೆಲ್ಲ ಮಸಿ ಮಾಡಿಕೊಂಡ ದಾಮು ಕೂತಿದ್ದ. ನೀವು ಒಲೆಯ ಕಡೆಯಿಂದ ತಿರುಗದೆಯೇ, "ಈ ಕಂಪನಿಗೆ ಖಾರ ಎಷ್ಟಾದ್ರೂ ಅಡ್ಡಿಲ್ಲ" ಎಂದಿರಿ. ದಾಮು ನೆಲ ನೋಡಿ ನಕ್ಕ. ನನ್ನ ಸುಳ್ಳನ್ನು ನೀವು ಕ್ಷಮಿಸಿದ್ದು ಅವತ್ತೋ, ಇನ್ನೂ ಮೊದಲೋ... ಕೇಳುವುದು ಉಳಿದೇ ಹೋಯಿತು.

ಈಗ ನೀವು ನಂಬದಂಥ ಸುದ್ದಿ ಕೇಳಿ. ಮೇಜಿನ ಮೇಲಿರುವ ಎರಡು ಕೊಟೇಶನ್‌ಗಳಲ್ಲಿ ಕಡಿಮೆ ಬೆಲೆ ಕಂಪನಿಯದು, ಹೆಚ್ಚು ದಾಮುವಿನದು. ಹೌದು, ತಿರುವು ಮುರುವು. ಲಕ್ಷಗಟ್ಟಲೆ ಮಾಡುವವರಿಗೆ ಭಾಗಗಳು ಅಗ್ಗವಾಗಿ ಸಿಗುತ್ತವೆಯಂತೆ. ಒಂದೊಂದೇ ತರಿಸುವ ದಾಮುವಿಗೆ ಆ ಬೆಲೆ ಯಾರು ಕೊಡುತ್ತಾರೆ? ನಮ್ಮ ಪ್ರಿನ್ಸಿಪಾಲರು, "ಕಂಪನಿದೂ ಹೌದು, ಕಡಿಮೆಯೂ ಹೌದು. ಇನ್ನು ಯೋಚ್ನೆ ಎಂತದ್ದು ಮೇಡಂ?" ಎಂದರು. ನಿಷ್ಠೆ ಒಂದು ಕಡೆ, ಅಗ್ಗ ಇನ್ನೊಂದು ಕಡೆ ಎಂದು ನಾವು ತಿಳಿದಿದ್ದ ತಕ್ಕಡಿಯಲ್ಲಿ ತಟ್ಟೆಗಳೇ ಬದಲಾಗಿಬಿಟ್ಟಿವೆ. ಈಗ ನಿಷ್ಠೆ ಎಂದರೆ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಗೆ ಹೆಚ್ಚು ದುಡ್ಡು ಕೊಡುವುದು. ನೀವಾದರೆ ಏನು ಮಾಡುತ್ತಿದ್ದಿರಿ?

ಇಷ್ಟು ಬರೆದು ನಿಲ್ಲಿಸಿದ್ದೆ. ಈಗ ಭಾನುವಾರ ಸಂಜೆ, ದಾಮುವಿನ ಅಂಗಡಿಗೆ ಹೋಗಿ ಬಂದೆ. ಅವನಿಗೆ ಸಮಿತಿಯ ಕಾಗದದಿಂದ ತಿಳಿಯುವುದು ಬೇಡ, ನನ್ನ ಬಾಯಿಂದಲೇ ತಿಳಿಯಲಿ ಎನಿಸಿತು.

"ದಾಮು, ನಿನ್ನದು ಹೆಚ್ಚಾಗ್ತದೆ" ಎಂದೆ.

"ಗೊತ್ತದೆ ಸುಲಕ್ಕ. ನಾ ಬಿಡಿ ತಕಣೂ ಬೆಲೆಗೆ ಅವ್ರು ಇಡೀ ಮಶಿನ್ನೇ ಕೊಡ್ತ್ರು."

"ಮತ್ತೆ ಕೊಟೇಶನ್ ಯಾಕೆ ಕೊಟ್ಟೆ?"

"ಸಮಿತಿಯಲ್ಲಿ ನೀವಿದ್ದೀರಿ ಅಂತ." ಅವನು ಕೈಯಲ್ಲಿದ್ದ ಬ್ರಶ್ಶಿನ ಕೂದಲು ಸರಿಮಾಡುತ್ತಿದ್ದ. "ಆಸೆ, ಮತ್ತೆಂತ."

ಕಂಪನಿಯ ಕೊಟೇಶನ್ ನನ್ನ ಚೀಲದಲ್ಲಿತ್ತು. ಇನ್ನೊಬ್ಬ ಅಂಗಡಿಯವನಿಗೆ ಅದನ್ನು ತೋರಿಸಬಾರದೇನೋ, ಲಕೋಟೆ ಒಡೆದು ಬೆಲೆಗಳು ಹೇಗೂ ಬಯಲಾಗಿವೆ ಎಂದು ತೋರಿಸಿದೆ. ಅವನು ಕನ್ನಡಕ ಹಾಕಿಕೊಂಡು ಓದಿದ. ದಾಮುವಿಗೂ ಕನ್ನಡಕ ಬಂದಿದೆ, ಅಕ್ಕೋರೇ. ಎರಡನೇ ಪುಟದಲ್ಲಿ ಅವನ ಬೆರಳು ನಿಂತಿತು.

"ಇದ್ಕೆ ಸಹಿ ಮಾಡ್ಬೇಡಿ."

"ನಿನಗೇ ಕೊಡು ಅಂತಿಯಾ?"

"ಅಲ್ದೇ ಮಾರಾಯ್ತಿ, ಇಲ್ಲಿ ನೋಡಿ. ಕೆಟ್ಟರೆ ನೀವೇ ಹೊತ್ಕಂಡು ಹುಬ್ಬಳ್ಳಿಗೆ ಹೋಗ್ಬೇಕು ಅಂತ ಅದೆ. ಹತ್ತು ಪೆಟ್ಟಿಗೆ ಘಟ್ಟ ಹತ್ತಿಸ್ತ್ರಾ? ಪೆನ್ನು ತೆಗೀರಿ, ಬರ್ಕಣಿ."

ಅವನು ಹೇಳುತ್ತ ಹೋದ, ನಾನು ಬರೆಯುತ್ತ ಹೋದೆ. ಮೂರು ವರ್ಷ ಕಾಲೇಜಿಗೇ ಬಂದು ರಿಪೇರಿ ಮಾಡಬೇಕು. ಬರುವವನ ಹೆಸರು, ನಂಬರು ಮೊದಲೇ ಕೊಡಬೇಕು. ಮಳೆಗಾಲದ ಮುಂಚೆ ಒಮ್ಮೆ ತೆರೆದು ತುಕ್ಕು ತೆಗೆಯಬೇಕು. ಪರದೆ ಎಷ್ಟು ದೊಡ್ಡದು ಎಂದು ಬರೆದೇ ಇಲ್ಲ, ಅದನ್ನು ಬರೆಸಬೇಕು. "ಇಷ್ಟು ಬರ್ಸದೇ ಇದ್ರೆ ಕಡಿಮೆ ಬೆಲೆ ಬರೀ ಕಾಗದದಲ್ಲಿ."

"ಇಷ್ಟು ಬರೆಸಿದರೆ ಅವರ ಮಾಲು ಗಟ್ಟಿಯಾಗ್ತದೆ. ನಿನಗೆ?"

"ನಂಗೆಂತ ಇಲ್ಲ. ಕಲಿಯೂವ್ರು ಮಕ್ಕಳಲ್ದಾ?" ಎಂದು ಕಾಗದ ಮಡಚಿ ನನ್ನ ಕೈಗೆ ಕೊಟ್ಟ.

ಸೋಮವಾರ. ಸಹಿ ಮಾಡಿದೆ ಅಕ್ಕೋರೇ. ಕಂಪನಿಗೇ ಮಾಡಿದೆ. ದಾಮು ಹೇಳಿದ್ದನ್ನೆಲ್ಲ ಸಮಿತಿಯ ಮುಂದೆ ಓದಿದಾಗ ಪ್ರಿನ್ಸಿಪಾಲರು, "ಮೇಡಂ, ನೀವು ಕವಿತೆ ಓದೂವ್ರು ಅಂತ ಮಾಡಿದ್ದೆ" ಎಂದು ಕನ್ನಡಕದ ಮೇಲಿನಿಂದ ನೋಡಿದರು. ಕಂಪನಿಯ ಮನುಷ್ಯ ಅಲ್ಲಲ್ಲಿ ಕೊಸರಾಡಿ, ಯಾರಿಗೋ ಫೋನ್ ಮಾಡಿ, ಒಪ್ಪಿದ. ಬೆಲೆ ಸ್ವಲ್ಪ ಏರಿತು. ಆದರೂ ದಾಮುವಿನದಕ್ಕಿಂತ ಕೆಳಗೇ ಉಳಿಯಿತು. ಅದು ಹುಡುಗ ಹುಡುಗಿಯರು ಕಟ್ಟಿದ ಫೀಸಿನ ದುಡ್ಡು. ನಿಷ್ಠೆ ನನ್ನದು, ದುಡ್ಡು ಅವರದು ಎಂದಾಗ ನಾನು ಮಧ್ಯ ಬರುವುದು ಹೇಗೆ? ಒಮ್ಮೆ ನಿಮ್ಮ ದುಡ್ಡಿನ ಮಧ್ಯ ಬಂದು ನಿಮ್ಮ ಬದಲು ನಾನು ಆರಿಸಿದ್ದೆ. ಅದು ಸಾಕು.

ಸಂಜೆ ಮತ್ತೆ ಓಣಿಗೆ ಹೋಗಿ ಹೇಳಿದೆ. ದಾಮು ತಲೆಯಾಡಿಸಿ, ಮುಂದಿನ ತಿಂಗಳಿನಿಂದ ಬೈತಖೋಲ ಬಂದರಿನಲ್ಲಿ ಕೆಲಸ ಹಿಡಿಯುತ್ತೇನೆ ಎಂದ. ಈಗ ಮೀನುಗಾರಿಕೆ ಬೋಟುಗಳಿಗೆಲ್ಲ ದಾರಿ ತೋರಿಸುವ, ಮೀನಿನ ಹಿಂಡು ತೋರಿಸುವ ಯಂತ್ರಗಳು ಬಂದಿವೆ. ಅವು ಉಪ್ಪು ನೀರಿಗೆ ಕೆಡುತ್ತಲೇ ಇರುತ್ತವೆ. ಬಿಚ್ಚಿ ನೋಡುವವರು ಇಲ್ಲ. "ಸಮುದ್ರ ಬಿಟ್ಟೆ ಅಂತ ಅಪ್ಪ ಬೈತಿದ್ದ. ಈಗ ಅವ ಖುಷಿ ಆಗ್ತ" ಎಂದ. ಅವನ ದನಿಯಲ್ಲಿ ಖುಷಿ ಇತ್ತೇ ಎಂದು ನಾನು ಕಿವಿಗೊಟ್ಟು ಕೇಳಿದೆ, ಗೊತ್ತಾಗಲಿಲ್ಲ. ಆಗ ನಾನು ಹೇಳಿದೆ:

"ದಾಮು, ನನ್ನ ಮನೆಗೆ ಒಂದು ಕಂಪ್ಯೂಟರ್ ಬೇಕು. ನೀನೇ ಜೋಡಿಸಿ ಕೊಡು."

"ಬೆಳಿಗ್ಗೆ ಕಂಪನಿಗೆ ಸಹಿ ಮಾಡಿ ಬಂದ್ರಿ, ಸಂಜೆ ನಂಗೆ?"

"ಅದು ಕಾಲೇಜಿಂದು. ಇದು ನನ್ನ ಸಂಬಳದ್ದು."

"ಹೆಚ್ಚು ಬೀಳ್ತದೆ, ತಿಳ್ದೂ ತಿಳ್ದೂ..." ಅವನು ಬ್ರಶ್ಶು ಕೆಳಗಿಟ್ಟ. "ಸುಲಕ್ಕ, ಪಾಪ ಅಂತ ತಕಣೂದಾದ್ರೆ ಬೇಡ."

ಪಾಪ ಅಂತಲೇ ಇತ್ತೇ, ಅಕ್ಕೋರೇ? ಸ್ವಲ್ಪ ಇತ್ತು. ತುಳಿದ ಕಾಲಿನ ನೆನಪೂ ಇತ್ತು. ಆದರೆ ಅದರ ಅಡಿಯಲ್ಲಿ ಇನ್ನೊಂದು ಇತ್ತು. ಇಷ್ಟು ವರ್ಷ ಕಂಪನಿಯದೋ ಅಸೆಂಬಲ್ಲೋ ಎಂದು ವಾದ ಮಾಡಿದೆ, ಆರಿಸಿದೆ, ಸುಳ್ಳು ಹೇಳಿದೆ, ಸಹಿ ಹಾಕಿದೆ. ಆ ಪೆಟ್ಟಿಗೆಯೊಳಗೆ ಏನಿದೆ ಎಂದು ಒಮ್ಮೆಯೂ ನೋಡಿಲ್ಲ. ಕಂಪನಿಯದನ್ನು ಬಿಚ್ಚಿದರೆ ಗ್ಯಾರಂಟಿ ಹೋಗುತ್ತದೆ ಎಂದು ಮೇಲೆಯೇ ಚೀಟಿ ಅಂಟಿಸಿರುತ್ತಾರೆ.

"ಎಲ್ಲಾ ಬಿಡಿಯಾಗೇ ನಮ್ಮ ಮನೆಗೆ ತಾ" ಎಂದೆ. "ನೀ ಕೂತು ಹೇಳು, ನಾ ಜೋಡಿಸ್ತೆ. ಹೆಚ್ಚಿನ ದುಡ್ಡು ಕಲಿಸಿದ್ದಕ್ಕೆ."

ದಾಮು ಬಹಳ ಹೊತ್ತು ನನ್ನ ಕೈಗಳನ್ನು ನೋಡಿದ. ಸೀಮೆಸುಣ್ಣ ಹಿಡಿದು ಒರಟಾದ, ನಲವತ್ತೆಂಟು ವರ್ಷದ ಕೈಗಳು.

"ಹಂಗಾದ್ರೆ ಆದಿತ್ವಾರ ಹತ್ತು ಗಂಟೆಗೆ ಬತ್ತೆ. ಸ್ಕ್ರೂಡ್ರೈವರ್ ನೀವೇ ತಕಣಿ. ನಂದು ಕೊಡೂದಿಲ್ಲ. ತಪ್ಪು ಮಾಡಿದ್ರೆ ಬೈತೆ, ಆಗೂದಾ?"

ಆಗುತ್ತದೆ ಎಂದೆ. ಮನೆಗೆ ಬಂದವಳೇ ಊಟದ ಮೇಜು ಖಾಲಿ ಮಾಡಿ, ಹಳೆಯ ಕಾಟನ್ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಹಾಸಿದೆ. ಆದಿತ್ವಾರಕ್ಕೆ ಇನ್ನೂ ಆರು ದಿನ ಇದೆ ಎಂದು ಗೊತ್ತಿದ್ದೂ ಹಾಸಿದೆ. ಅವನು ಏನೇನು ತರುತ್ತಾನೋ, ಯಾವುದು ಎಲ್ಲಿ ಕೂರುತ್ತದೋ, ನನಗೆ ಒಂದೂ ತಿಳಿಯದು. ಕರೆಂಟು ಕೊಟ್ಟಾಗ ಪರದೆ ಬೆಳಗದಿದ್ದರೆ ಮತ್ತೆ ಬಿಚ್ಚುತ್ತೇನೆ.

ನಿಮ್ಮ
ಸುಲೂ